ಕೆನ್ನಿ ಡಾಲ್ಗ್ಲಿಷ್

ಸರ್ ಕೆನ್ನೆತ್ ಮ್ಯಾಥೀಸನ್ ಡಾಲ್ಗ್ಲಿಷ್ (ಜನನ: ಮಾರ್ಚ್ 4, 1951) ಸ್ಕಾಟ್ಲೆಂಡಿನ ಮಾಜಿ ಫುಟ್‌ಬಾಲ್ ಆಟಗಾರ ಹಾಗೂ ಮಾಜಿ ಕ್ಲಬ್ ವ್ಯವಸ್ಥಾಪಕರು. ಸೆಲ್ಟಿಕ್ ಮತ್ತು ಲಿವರ್‌ಪೂಲ್ ಕ್ಲಬ್‌ಗಳ ಫಾರ್ವರ್ಡ್ ಆಟಗಾರರಾಗಿ ಹೆಸರಾದ ಅವರು, 1985ರಲ್ಲಿ ಇನ್ನೂ ಆಡುತ್ತಿರುವಾಗಲೇ ಲಿವರ್‌ಪೂಲ್ ತಂಡದ ಹೊಣೆ ವಹಿಸಿಕೊಂಡರು. ವ್ಯವಸ್ಥಾಪಕರಾಗಿ ಲಿವರ್‌ಪೂಲ್‌ಗೆ ಮೂರು ಬಾರಿ ಮತ್ತು ಬ್ಲ್ಯಾಕ್‌ಬರ್ನ್ ರೋವರ್ಸ್‌ಗೆ ಒಂದು ಬಾರಿ ಇಂಗ್ಲಿಷ್ ಲೀಗ್ ಪ್ರಶಸ್ತಿ ಗೆದ್ದುಕೊಟ್ಟರು. 1989ರ ಹಿಲ್ಸ್‌ಬರೋ ದುರಂತದ ನಂತರ ಮೃತರ ಕುಟುಂಬಗಳ ಜೊತೆ ನಿಂತುದಕ್ಕಾಗಿಯೂ ಅವರನ್ನು ಸ್ಮರಿಸಲಾಗುತ್ತದೆ.

ಆಟಗಾರರಾಗಿ

ಡಾಲ್ಗ್ಲಿಷ್ ಹುಟ್ಟಿದ್ದು ಗ್ಲಾಸ್ಗೋ ನಗರದಲ್ಲಿ. ಬಾಲ್ಯದಲ್ಲಿ ರೇಂಜರ್ಸ್ ತಂಡದ ಅಭಿಮಾನಿಯಾಗಿದ್ದರೂ 1967ರಲ್ಲಿ ಅದರ ಬದ್ಧ ಎದುರಾಳಿಯಾದ ಸೆಲ್ಟಿಕ್ ಕ್ಲಬ್ ಸೇರಿದರು. ಜಾಕ್ ಸ್ಟೀನ್ ಅವರ ಮಾರ್ಗದರ್ಶನದಲ್ಲಿ ಬೆಳೆದು, ಆ ತಂಡದೊಂದಿಗೆ ನಾಲ್ಕು ಬಾರಿ ಸ್ಕಾಟಿಷ್ ಲೀಗ್ ಪ್ರಶಸ್ತಿ ಗೆದ್ದರು.

1977ರಲ್ಲಿ ಕೆವಿನ್ ಕೀಗನ್ ಜರ್ಮನಿಯ ಹ್ಯಾಂಬರ್ಗ್ ತಂಡಕ್ಕೆ ತೆರಳಿದಾಗ, ಅವರ ಸ್ಥಾನ ತುಂಬಲು ಲಿವರ್‌ಪೂಲ್ 4,40,000 ಪೌಂಡ್ ಕೊಟ್ಟು ಡಾಲ್ಗ್ಲಿಷ್ ಅವರನ್ನು ಖರೀದಿಸಿತು. ಬ್ರಿಟಿಷ್ ಕ್ಲಬ್‌ಗಳ ನಡುವಿನ ವರ್ಗಾವಣೆಯಲ್ಲಿ ಅದು ಅಂದಿನ ದಾಖಲೆ ಮೊತ್ತ. ಮರುವರ್ಷ ವೆಂಬ್ಲಿಯಲ್ಲಿ ಕ್ಲಬ್ ಬ್ರೂಗ್ ವಿರುದ್ಧ ನಡೆದ ಯುರೋಪಿಯನ್ ಕಪ್ ಅಂತಿಮ ಪಂದ್ಯದ ಏಕೈಕ ಗೋಲು ಅವರದೇ ಆಗಿತ್ತು. 1981 ಮತ್ತು 1984ರಲ್ಲಿಯೂ ಅವರು ಈ ಕಪ್ ಗೆದ್ದ ತಂಡದಲ್ಲಿದ್ದರು. ಲಿವರ್‌ಪೂಲ್ ಪರ 515 ಪಂದ್ಯಗಳಲ್ಲಿ 172 ಗೋಲು ಗಳಿಸಿದರು. ಸ್ಕಾಟ್ಲೆಂಡ್ ಪರ 102 ಪಂದ್ಯಗಳನ್ನಾಡಿ 30 ಗೋಲು ಹೊಡೆದಿದ್ದಾರೆ.

ಲಿವರ್‌ಪೂಲ್ ವ್ಯವಸ್ಥಾಪಕ

ಬ್ರಿಟನ್ನಿನ ಫುಟ್‌ಬಾಲ್‌ನಲ್ಲಿ ವ್ಯವಸ್ಥಾಪಕ, ಅಂದರೆ ಮ್ಯಾನೇಜರ್, ತಂಡದ ಆಯ್ಕೆ, ತರಬೇತಿ, ಆಟದ ತಂತ್ರ ಮತ್ತು ಬಹುಮಟ್ಟಿಗೆ ಆಟಗಾರರ ಖರೀದಿಯ ಹೊಣೆಯನ್ನೂ ಹೊರುತ್ತಿದ್ದರು. ಜೋ ಫೇಗನ್ ನಿವೃತ್ತರಾದಾಗ ಈ ಹೊಣೆ ಡಾಲ್ಗ್ಲಿಷ್ ಅವರಿಗೆ ಬಂದಿತು. ಆ ಸಂದರ್ಭ ಕಷ್ಟದ್ದಾಗಿತ್ತು. ಮೇ 29, 1985ರಂದು ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ಯುವೆಂಟಸ್ ನಡುವಿನ ಯುರೋಪಿಯನ್ ಕಪ್ ಅಂತಿಮ ಪಂದ್ಯಕ್ಕೆ ಮುನ್ನ ನಡೆದ ಗಲಭೆಯಲ್ಲಿ 39 ಜನ ಮೃತಪಟ್ಟರು. ಇಂಗ್ಲಿಷ್ ಕ್ಲಬ್‌ಗಳನ್ನು ಯುರೋಪಿನ ಸ್ಪರ್ಧೆಗಳಿಂದ ನಿಷೇಧಿಸಲಾಯಿತು.

ಹಿಂದಿನ ದಿನದವರೆಗೆ ಸಹ ಆಟಗಾರರಾಗಿದ್ದವರನ್ನು ಈಗ ಆಯ್ಕೆ ಮಾಡುವ, ಕೈಬಿಡುವ ಅಧಿಕಾರ ಅವರಿಗಿತ್ತು. ಮೊದಲ ಋತುವಿನಲ್ಲೇ ತಂಡ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದಿತು. ಚೆಲ್ಸಿ ವಿರುದ್ಧ ಲೀಗ್ ಪ್ರಶಸ್ತಿಯನ್ನು ಖಚಿತಪಡಿಸಿದ ಗೋಲನ್ನು ಸ್ವತಃ ಡಾಲ್ಗ್ಲಿಷ್ ಅವರೇ ಹೊಡೆದರು. 1987ರಲ್ಲಿ ಜಾನ್ ಬಾರ್ನ್ಸ್, ಪೀಟರ್ ಬಿಯರ್ಡ್ಸ್ಲಿ, ಜಾನ್ ಆಲ್ಡ್ರಿಜ್ ಮೊದಲಾದವರನ್ನು ಸೇರಿಸಿಕೊಂಡು ತಂಡವನ್ನು ಹೊಸದಾಗಿ ಕಟ್ಟಿದರು. 1987-88ರ ಋತುವಿನ ಮೊದಲ 29 ಲೀಗ್ ಪಂದ್ಯಗಳಲ್ಲಿ ಈ ತಂಡ ಸೋಲು ಕಾಣಲಿಲ್ಲ.

ಹಿಲ್ಸ್‌ಬರೋ ದುರಂತ ಮತ್ತು ರಾಜೀನಾಮೆ

ಏಪ್ರಿಲ್ 15, 1989ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ ಎಫ್‌ಎ ಕಪ್ ಸೆಮಿಫೈನಲ್ ನಡೆಯುತ್ತಿದ್ದಾಗ, ಬೇಲಿ ಹಾಕಿದ ಪ್ರೇಕ್ಷಕರ ಆವರಣದಲ್ಲಿ ಉಂಟಾದ ನೂಕುನುಗ್ಗಲಿಗೆ ಲಿವರ್‌ಪೂಲ್ ಅಭಿಮಾನಿಗಳು ಸಿಲುಕಿದರು. ಮುಂದಿನ ವರ್ಷಗಳಲ್ಲಿ ಕೊನೆಯುಸಿರೆಳೆದವರೂ ಸೇರಿ ಮೃತರ ಸಂಖ್ಯೆ 97. ಡಾಲ್ಗ್ಲಿಷ್ ಮತ್ತು ಅವರ ಪತ್ನಿ ಮರೀನಾ ಮೃತರ ಕುಟುಂಬಗಳನ್ನು ಭೇಟಿಯಾಗಿ ಸಂತೈಸಿದರು. ಡಾಲ್ಗ್ಲಿಷ್ ಹಲವು ಅಂತ್ಯಕ್ರಿಯೆಗಳಲ್ಲಿ ಪಾಲ್ಗೊಂಡರು. ಒಂದೇ ದಿನ ನಾಲ್ಕರಲ್ಲಿ ಭಾಗವಹಿಸಿದ್ದೂ ಉಂಟು. ಆ ವರ್ಷ ತಂಡ ಎವರ್ಟನ್ ವಿರುದ್ಧ 3-2ರಿಂದ ಎಫ್‌ಎ ಕಪ್ ಗೆದ್ದಿತು. ಮರುವರ್ಷ ಲೀಗ್ ಪ್ರಶಸ್ತಿಯೂ ದೊರೆಯಿತು.

ಫೆಬ್ರವರಿ 22, 1991ರಂದು ಡಾಲ್ಗ್ಲಿಷ್ ರಾಜೀನಾಮೆ ಘೋಷಿಸಿದರು. ಆಗ ತಂಡ ಲೀಗ್ ಪಟ್ಟಿಯಲ್ಲಿ ಅಗ್ರಸ್ಥಾನದಲ್ಲಿತ್ತು. ಎರಡು ದಿನಗಳ ಹಿಂದಷ್ಟೇ ಎವರ್ಟನ್ ವಿರುದ್ಧದ ಪಂದ್ಯ 4-4ರಲ್ಲಿ ಸಮವಾಗಿತ್ತು. ಹಿಲ್ಸ್‌ಬರೋ ನಂತರದ ದಿನಗಳ ಮಾನಸಿಕ ಒತ್ತಡ ಈ ನಿರ್ಧಾರಕ್ಕೆ ಕಾರಣವಾಗಿತ್ತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ.

ಬ್ಲ್ಯಾಕ್‌ಬರ್ನ್ ಮತ್ತು ನಂತರ

1991ರ ಅಕ್ಟೋಬರ್‌ನಲ್ಲಿ ಅವರು ಎರಡನೇ ದರ್ಜೆಯಲ್ಲಿದ್ದ ಬ್ಲ್ಯಾಕ್‌ಬರ್ನ್ ರೋವರ್ಸ್ ಸೇರಿದರು. ಉದ್ಯಮಿ ಜಾಕ್ ವಾಕರ್ ಅವರ ಹಣಬಲವೂ ಅಲನ್ ಶಿಯರರ್ ಅವರ ಗೋಲುಗಳೂ ತಂಡಕ್ಕೆ ಆಸರೆಯಾದವು. ಮೇ 14, 1995ರಂದು ಋತುವಿನ ಕೊನೆಯ ಪಂದ್ಯ ಲಿವರ್‌ಪೂಲ್‌ನ ತವರಾದ ಆನ್‌ಫೀಲ್ಡ್‌ನಲ್ಲೇ ನಡೆಯಿತು. ಬ್ಲ್ಯಾಕ್‌ಬರ್ನ್ 2-1ರಿಂದ ಸೋತರೂ, ಅದೇ ಹೊತ್ತಿಗೆ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಪಂದ್ಯವನ್ನು ಗೆಲ್ಲಲಾಗದೆ ಹೋದುದರಿಂದ, ಒಂದು ಅಂಕದ ಅಂತರದಲ್ಲಿ ಪ್ರೀಮಿಯರ್ ಲೀಗ್ ಪ್ರಶಸ್ತಿ ಒಲಿಯಿತು. 1914ರ ನಂತರ ಆ ಕ್ಲಬ್‌ಗೆ ದೊರೆತ ಮೊದಲ ಲೀಗ್ ಪ್ರಶಸ್ತಿ ಅದು.

ಬಳಿಕ ನ್ಯೂಕ್ಯಾಸಲ್ ಯುನೈಟೆಡ್ (1997-98) ಮತ್ತು ಅಲ್ಪಕಾಲ ಸೆಲ್ಟಿಕ್ (2000) ತಂಡಗಳನ್ನು ಮುನ್ನಡೆಸಿದರು. 2011ರ ಜನವರಿಯಲ್ಲಿ ಲಿವರ್‌ಪೂಲ್‌ಗೆ ಮರಳಿ, 2012ರಲ್ಲಿ ಲೀಗ್ ಕಪ್ ಗೆದ್ದರು. ಆದರೆ ಲೀಗ್‌ನಲ್ಲಿ ತಂಡ ಎಂಟನೇ ಸ್ಥಾನಕ್ಕೆ ಇಳಿದಾಗ ಅವರನ್ನು ಹುದ್ದೆಯಿಂದ ಕೈಬಿಡಲಾಯಿತು.

ಗೌರವಗಳು

ಹಿಲ್ಸ್‌ಬರೋ ದುರಂತಕ್ಕೆ ಅಭಿಮಾನಿಗಳ ವರ್ತನೆಯೇ ಕಾರಣವೆಂಬ ಆರೋಪ ದೀರ್ಘಕಾಲ ಉಳಿದಿತ್ತು. 2016ರ ನ್ಯಾಯಮಂಡಳಿ ತೀರ್ಪು ಅದನ್ನು ತಳ್ಳಿಹಾಕಿ, ಸಾವುಗಳು ಕಾನೂನುಬಾಹಿರ ಹತ್ಯೆಯೆಂದು ನಿರ್ಣಯಿಸಿತು. 2017ರಲ್ಲಿ ಆನ್‌ಫೀಲ್ಡ್‌ನ ಒಂದು ಪ್ರೇಕ್ಷಕಾಂಗಣಕ್ಕೆ ಡಾಲ್ಗ್ಲಿಷ್ ಅವರ ಹೆಸರಿಡಲಾಯಿತು. 2018ರಲ್ಲಿ ಫುಟ್‌ಬಾಲ್, ದತ್ತಿಕಾರ್ಯ ಮತ್ತು ಲಿವರ್‌ಪೂಲ್ ನಗರಕ್ಕೆ ಸಲ್ಲಿಸಿದ ಸೇವೆಗಾಗಿ ಅವರಿಗೆ 'ಸರ್' ಪದವಿ ನೀಡಲಾಯಿತು.