ಡಯಾಲಿಸಿಸ್ ರೋಗಿಗಳ ಸ್ವ-ಆರೈಕೆಯಲ್ಲಿ ಮೊಬೈಲ್ ತಂತ್ರಜ್ಞಾನ

ಡಯಾಲಿಸಿಸ್ ರೋಗಿಗಳ ಸ್ವ-ಆರೈಕೆಯಲ್ಲಿ ಮೊಬೈಲ್ ತಂತ್ರಜ್ಞಾನ ಎಂದರೆ ಮೂತ್ರಪಿಂಡ ವೈಫಲ್ಯಕ್ಕೆ ಒಳಗಾದವರು ಎರಡು ಡಯಾಲಿಸಿಸ್‌ಗಳ ನಡುವಿನ ದಿನಗಳಲ್ಲಿ ತೂಕ, ರಕ್ತದೊತ್ತಡ, ನೀರು, ಆಹಾರ ಮತ್ತು ಔಷಧಿಗಳ ಮೇಲೆ ನಿಗಾ ಇಡಲು ಮೊಬೈಲ್ ಫೋನನ್ನು ಬಳಸುವ ಕ್ರಮ.

ಹಿನ್ನೆಲೆ

ಹೀಮೋಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ 3 ಬಾರಿ, ಪ್ರತಿ ಬಾರಿ ಸುಮಾರು 4 ಗಂಟೆ ನಡೆಯುತ್ತದೆ. ವಾರದ 168 ಗಂಟೆಗಳಲ್ಲಿ ಉಳಿದ 156 ಗಂಟೆ ರೋಗಿಯ ಆರೈಕೆ ಮನೆಯಲ್ಲೇ ಆಗಬೇಕು. ಈ ಅವಧಿಯಲ್ಲಿ ದೇಹದಲ್ಲಿ ನೀರು ಹೆಚ್ಚಾದರೆ ಶ್ವಾಸಕೋಶದಲ್ಲಿ ತುಂಬಿಕೊಳ್ಳಬಹುದು. ಪೊಟ್ಯಾಸಿಯಂ ಹೆಚ್ಚಾದರೆ ಹೃದಯ ಬಡಿತ ಏರುಪೇರಾಗಿ ಪ್ರಾಣಾಪಾಯವಾಗಬಹುದು.

ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಮಹಾರಾಷ್ಟ್ರ ಗಡಿಯ ಸಮೀಪದಲ್ಲಿವೆ. ಇಲ್ಲಿನವರು ತಜ್ಞ ಚಿಕಿತ್ಸೆಗಾಗಿ ಬೆಳಗಾವಿಗೆ ಮಾತ್ರವಲ್ಲದೆ ಮಿರಜ್ ಮತ್ತು ಕೊಲ್ಹಾಪುರಕ್ಕೂ ಹೋಗುತ್ತಾರೆ. ಹೀಗಾಗಿ ಚಿಕಿತ್ಸೆಯ ದಾಖಲೆಗಳು ರೋಗಿಯ ಕೈಯಲ್ಲೇ ಇರುವುದು ಮುಖ್ಯವಾಗುತ್ತದೆ.

ಬಳಕೆಯ ಕ್ಷೇತ್ರಗಳು

* ತೂಕ: ಹೆಚ್ಚುವರಿ ನೀರಿಲ್ಲದ ದೇಹದ ತೂಕಕ್ಕೆ 'ಒಣ ತೂಕ' ಎನ್ನುತ್ತಾರೆ. ದೇಹದಲ್ಲಿ ಉಳಿದ 1 ಲೀಟರ್ ನೀರು ತೂಕವನ್ನು 1 ಕೆ.ಜಿ. ಹೆಚ್ಚಿಸುತ್ತದೆ. ಪ್ರತಿದಿನ ಬೆಳಿಗ್ಗೆ ತೂಕವನ್ನು ಫೋನಿನಲ್ಲಿ ದಾಖಲಿಸಿದರೆ ಏರಿಕೆ ಬೇಗ ತಿಳಿಯುತ್ತದೆ.
* ಆಹಾರ: ಎಳನೀರು, ಬಾಳೆಹಣ್ಣುಗಳಲ್ಲಿ ಪೊಟ್ಯಾಸಿಯಂ ಅಧಿಕ. ಊಟದ ಚಿತ್ರವನ್ನು ಆಹಾರ ತಜ್ಞರಿಗೆ ಕಳುಹಿಸಿ ಸಲಹೆ ಪಡೆಯಬಹುದು.
* ಫಿಸ್ಟುಲಾ: ಕೈಯಲ್ಲಿನ ಫಿಸ್ಟುಲಾದ ಮಿಡಿತವನ್ನು ದಿನವೂ ಮುಟ್ಟಿ ನೋಡಲು ಫೋನಿನ ಅಲಾರಂ ನೆನಪಿಸುತ್ತದೆ. ಆ ಕೈಯಲ್ಲಿ ರಕ್ತದೊತ್ತಡ ಅಳೆಯಬಾರದು.
* ಔಷಧಿ: ಫಾಸ್ಫರಸ್ ನಿಯಂತ್ರಿಸುವ ಕೆಲವು ಮಾತ್ರೆಗಳನ್ನು ಊಟದೊಂದಿಗೇ ಸೇವಿಸಬೇಕಾದ ಕಾರಣ ಸಮಯದ ಜ್ಞಾಪನೆ ಉಪಯುಕ್ತ.

ಸರ್ಕಾರಿ ಯೋಜನೆಗಳು

ಕೇಂದ್ರ ಸರ್ಕಾರವು 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಘೋಷಿಸಿತು. ಇದರಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬದವರಿಗೆ ಉಚಿತ ಸೇವೆ ಲಭ್ಯವಿದೆ. 'ಇ-ಸಂಜೀವಿನಿ' ಸೇವೆಯ ಮೂಲಕ ವೈದ್ಯರನ್ನು ದೂರದಿಂದಲೇ ಸಂಪರ್ಕಿಸಬಹುದು. 2021ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ನೀಡುವ 14 ಅಂಕಿಗಳ 'ಆಭಾ' ಸಂಖ್ಯೆಯು, ಈ ವ್ಯವಸ್ಥೆಗೆ ಸೇರಿದ ಆಸ್ಪತ್ರೆಗಳ ದಾಖಲೆಗಳನ್ನು ರೋಗಿಯ ಒಪ್ಪಿಗೆಯೊಂದಿಗೆ ಜೋಡಿಸುತ್ತದೆ.

ಮಿತಿಗಳು

ಸ್ಮಾರ್ಟ್‌ಫೋನ್ ಇಲ್ಲದವರಿಗೆ, ಮಧುಮೇಹದಿಂದ ದೃಷ್ಟಿ ಕುಂದಿದವರಿಗೆ ಆ್ಯಪ್‌ಗಳ ಬಳಕೆ ಕಷ್ಟ. ಕನ್ನಡ ಮತ್ತು ಮರಾಠಿ ಎರಡೂ ಬಳಕೆಯಲ್ಲಿರುವ ಈ ಪ್ರದೇಶದಲ್ಲಿ ಧ್ವನಿ ಸಂದೇಶ ಹಾಗೂ ಮನೆಯವರ ನೆರವು ಹೆಚ್ಚು ಉಪಯುಕ್ತವಾಗಬಲ್ಲವು. ದಾಖಲಾದ ಅಂಕಿಗಳನ್ನು ವೈದ್ಯಕೀಯ ಸಿಬ್ಬಂದಿ ಪರಿಶೀಲಿಸದಿದ್ದರೆ ಪ್ರಯೋಜನ ಸೀಮಿತ. ಮೊಬೈಲ್ ತಂತ್ರಜ್ಞಾನವು ಡಯಾಲಿಸಿಸ್‌ಗೆ ಪರ್ಯಾಯವಲ್ಲ. ಉಸಿರಾಟದ ತೊಂದರೆ, ಎದೆನೋವು, ತೀವ್ರ ನಿಶ್ಶಕ್ತಿ ಅಥವಾ ಫಿಸ್ಟುಲಾದಿಂದ ನಿಲ್ಲದ ರಕ್ತಸ್ರಾವ ಕಂಡುಬಂದರೆ ಸಂದೇಶದ ಉತ್ತರಕ್ಕೆ ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ತೆರಳಬೇಕು.