ಟಿವಿ ಪಕ್ಕದ ಪುಟ್ಟ ಪಿಸಿ

ಪ್ರಶ್ನೆ: ಟಿವಿ ಸ್ಟ್ಯಾಂಡಿನಲ್ಲಿ ಕೂರುವಷ್ಟು ಚಿಕ್ಕ ಕಂಪ್ಯೂಟರಿನಲ್ಲಿ ಸಿನಿಮಾ, ಗೇಮ್ ಎರಡೂ ನಡೆಯುತ್ತವೆಯೇ? ಗ್ರಾಫಿಕ್ಸ್ ಕಾರ್ಡ್ ಹಾಕಲೇಬೇಕೇ?

ಉತ್ತರ: ಧಾರಾಳವಾಗಿ ನಡೆಯುತ್ತವೆ, ಕಾರ್ಡ್ ಇಲ್ಲದೆಯೂ. ಮಿನಿ-ಐಟಿಎಕ್ಸ್ ಮದರ್‌ಬೋರ್ಡ್ 17 ಸೆಂ.ಮೀ. ಉದ್ದ, ಅಷ್ಟೇ ಅಗಲ. ಊಟದ ತಟ್ಟೆಗಿಂತ ಚಿಕ್ಕದು. ಅದರ ಮೇಲೆ ಎಎಂಡಿಯ ರೈಜೆನ್ 5 8600ಜಿ ಅಥವಾ ರೈಜೆನ್ 7 8700ಜಿ ಪ್ರೊಸೆಸರ್ ಕೂರಿಸಿ. ಗ್ರಾಫಿಕ್ಸ್ ಅದರೊಳಗೇ ಇದೆ. ಅಗ್ಗಕ್ಕೆ ಸಿಗುತ್ತದೆಂದು ಹಳೆಯ 5600ಜಿ ಕೊಳ್ಳಬೇಡಿ. ಎವಿ1 ಮಾದರಿಯಲ್ಲಿ ಕುಗ್ಗಿಸಿದ ವಿಡಿಯೊ ಬಂದರೆ ಅದರ ಗ್ರಾಫಿಕ್ಸ್ ಕೈಚೆಲ್ಲುತ್ತದೆ, ಇಡೀ ಭಾರ ಪ್ರೊಸೆಸರಿನ ಮೇಲೆ ಬೀಳುತ್ತದೆ.

ಬಹಳ ಜನ ಎಡವುವುದು ರ‍್ಯಾಮ್ ಕೊಳ್ಳುವಾಗ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. 32 ಜಿಬಿಯ ಒಂದೇ ಸ್ಟಿಕ್ ಹಾಕಿದರೆ ದತ್ತಾಂಶ ಓಡಾಡುವ ದಾರಿ ಅರ್ಧಕ್ಕೆ ಕಿರಿದಾಗಿ ಗೇಮ್ ತಡವರಿಸುತ್ತದೆ. 16 ಜಿಬಿಯ ಎರಡು ಹಾಕಿ. ಇದರಲ್ಲಿ ಮಾತ್ರ ರಾಜಿ ಬೇಡ. ಆಗ 1080ಪಿಯಲ್ಲಿ, ಸೆಟ್ಟಿಂಗ್ ಸ್ವಲ್ಪ ತಗ್ಗಿಸಿ, ಬಹುತೇಕ ಗೇಮ್ ಆಡಬಹುದು. ಹೊಸ ಭಾರಿ ಗೇಮುಗಳನ್ನು 4ಕೆಯಲ್ಲೇ ಆಡುವ ಹಟವಿದ್ದರೆ ಕಾರ್ಡ್ ಬೇಕೇ ಬೇಕು, ಡಬ್ಬಿಯೂ ದೊಡ್ಡದಾಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಸದ್ದು. ಸಿನಿಮಾದಲ್ಲಿ ಇಬ್ಬರು ಪಿಸುಗುಡುವಾಗ ಫ್ಯಾನ್ ಗುಂಯ್‌ಗುಟ್ಟಿದರೆ ಆ ದೃಶ್ಯವೇ ಹೋಯಿತು. ಈ ಪ್ರೊಸೆಸರುಗಳು 65 ವಾಟಿನವು. ಬಯಾಸ್‌ನಲ್ಲಿ 45ಕ್ಕೆ ಇಳಿಸಿದರೆ ಫ್ಯಾನ್ ತಣ್ಣಗಾಗುತ್ತದೆ, ಸಿನಿಮಾಕ್ಕೆ ಏನೂ ಕೊರತೆಯಾಗದು. ಡಬ್ಬಿಯನ್ನು ಬಾಗಿಲಿರುವ ಕಪಾಟಿನೊಳಗೆ ಮಾತ್ರ ಇಡಬೇಡಿ, ಬಿಸಿ ಒಳಗೇ ಉಳಿದು ಫ್ಯಾನ್ ಮತ್ತೆ ಜೋರಾಗುತ್ತದೆ. ಟಿವಿ 120 ಹರ್ಟ್ಸ್‌ನದಾದರೆ, ಬೋರ್ಡಿನ ಎಚ್‌ಡಿಎಂಐ 2.1 ಹೌದೇ ಎಂದು ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ, 2.0 ಇದ್ದರೆ 4ಕೆ ಚಿತ್ರ 60ಕ್ಕೇ ನಿಲ್ಲುತ್ತದೆ.