ಹೆದ್ದಾರಿಯ ಲೋಟದಲ್ಲಿ ನಮ್ಮ ಕಾಫಿ ಎಲ್ಲಿ?

ಶಾರದಾಂಬೆಯ ದರ್ಶನಕ್ಕೆಂದು ಶೃಂಗೇರಿಗೆ ಹೊರಟ ಯಾತ್ರಿಕನಿಗೆ ನರಸಿಂಹರಾಜಪುರ, ಕೊಪ್ಪಗಳ ದಾರಿಯಲ್ಲಿ ಅಡಿಕೆಯೊಡನೆ ಕಾಫಿ ತೋಟಗಳೂ ಕಾಣಸಿಗುತ್ತವೆ. ಆದರೆ ರಸ್ತೆ ಬದಿಯ ಹೋಟೆಲಿನಲ್ಲಿ ಅವನಿಗೆ ದೊರೆಯುವುದು ಅನೇಕ ವೇಳೆ ಚಿಕೋರಿಯೇ ಮುಂದಾದ, ಬೆಳಗಿನಿಂದ ಒಲೆಯ ಮೇಲಿದ್ದ ಡಿಕಾಕ್ಷನ್ನಿನ ಕಾಫಿ.

ಇದು ವಿಪರ್ಯಾಸವೇ ಸರಿ. ಬಾಬಾ ಬುಡನ್ ತಂದರೆನ್ನಲಾದ ಬೀಜ ಬೇರೂರಿದ್ದು ಇದೇ ಜಿಲ್ಲೆಯ ಗಿರಿಯಲ್ಲಿ. ಕಾಫಿ ಸಂಶೋಧನಾ ಕೇಂದ್ರವು 1925ರಲ್ಲಿ ಆರಂಭವಾದುದು ಬಾಳೆಹೊನ್ನೂರಿನ ಸಮೀಪದಲ್ಲಿ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಲಭಿಸಿತು. ಆದರೆ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ.

ದೋಷವೆಲ್ಲ ಚಿಕೋರಿಯದೆನ್ನಲಾಗದು. ಮಿತವಾಗಿದ್ದರೆ ಅದು ಡಿಕಾಕ್ಷನ್ನಿಗೆ ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತದೆ. ಹಲವರಿಗೆ ಅದೇ ರೂಢಿಯ ರುಚಿ. ಮಿಶ್ರಣದಲ್ಲಿ ಕಾಫಿಯ ಅಂಶ ಶೇ. 51ಕ್ಕಿಂತ ಕಡಿಮೆಯಿರಬಾರದೆಂದೂ, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ನಿಯಮವಿದೆ. ಹೋಟೆಲ್ ಮಾಲೀಕರು ದರಕ್ಕಿಂತ ಮೊದಲು ಆ ಅಂಕಿಯನ್ನು ನೋಡಬೇಕು. ಪುಡಿ ಮಾಡಿದ ಕಾಫಿಯ ಪರಿಮಳ ಗಾಳಿ ತಾಗಿದೊಡನೆ ಕುಂದತೊಡಗುತ್ತದೆ. ಆದ್ದರಿಂದ ತಿಂಗಳ ದಾಸ್ತಾನಿಡುವ ಬದಲು ವಾರಕ್ಕೊಮ್ಮೆ ಊರಿನ ಕಾಫಿಪುಡಿ ಅಂಗಡಿಯಿಂದಲೇ ತರುವುದು ಲೇಸು. ಸ್ಥಳೀಯ ವರ್ತಕರಿಗೂ ವ್ಯಾಪಾರ. ಇಳಿಸಿದ ಡಿಕಾಕ್ಷನ್ನನ್ನು ಮತ್ತೆ ಕುದಿಸಕೂಡದು, ಕಾಯಿಸಬೇಕಾದುದು ಹಾಲನ್ನು.

ಪ್ರವಾಸಿಗರು ಗಿರಾಕಿಗಳು ಬಂದಂತೆ ಹೊಸ ಡಿಕಾಕ್ಷನ್ ಇಳಿಸುವ ಹೋಟೆಲನ್ನೇ ಆರಿಸಲಿ. ಅಂಥವು ದೊಡ್ಡ ನಾಮಫಲಕದವೇ ಆಗಿರಬೇಕೆಂದಿಲ್ಲ. ಮಾಲೀಕರೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕಾಲು ಕಿಲೋ ಪುಡಿಯ ಪೊಟ್ಟಣಗಳನ್ನು ಜೋಡಿಸಿಡಲಿ. ಕಾಫಿ ಮೆಚ್ಚಿದವನು ಹಣ ಕೊಡುವಾಗ "ಈ ಪುಡಿ ಎಲ್ಲಿಯದು?" ಎಂದು ಕೇಳದೆ ಹೋಗುವುದು ಅಪರೂಪ.